ಕೊರಳಹಲಗೆ: ಮರ ಹೇಳುವುದೆಷ್ಟು?

ಮಧ್ಯಯುಗದ ಶಿಕ್ಷಾಸಾಧನಗಳನ್ನು ಮರದಲ್ಲಿ ಮತ್ತೆ ನಿರ್ಮಿಸಿ ವಸ್ತುಸಂಗ್ರಹಾಲಯಗಳಲ್ಲಿಯೂ ಹಳೆಯ ಕೋಟೆಗಳ ಅಂಗಳಗಳಲ್ಲಿಯೂ ಇರಿಸುವ ವಾಡಿಕೆ ಇಂಗ್ಲೆಂಡಿನಲ್ಲಿದೆ. ಅವುಗಳಲ್ಲಿ ಬಹುಪರಿಚಿತವಾದುದು ‘ಪಿಲರಿ’. ಕನ್ನಡದಲ್ಲಿ ಇದನ್ನು ಕೊರಳಹಲಗೆ ಎನ್ನಬಹುದು. ನೋಡಬಂದವರು ಅದರಲ್ಲಿ ತಲೆಗೈಗಳನ್ನಿಟ್ಟು ನಗುತ್ತ ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಇಂತಹ ಪ್ರತಿಕೃತಿಯಿಂದ ಇತಿಹಾಸದ ಅರಿವು ಎಷ್ಟರಮಟ್ಟಿಗೆ ದೊರೆಯುತ್ತದೆಂಬುದು ವಿಚಾರಣೀಯವಾದ ಸಂಗತಿ.

ಇದರ ರಚನೆ ಸರಳವಾದುದು. ಎತ್ತರದ ಕಟ್ಟೆಯ ಮೇಲೆ ಗಟ್ಟಿಯಾದ ಕಂಬ. ಕಂಬದ ತುದಿಯಲ್ಲಿ ಅಂಚಿಗೆ ಅಂಚು ಕೂಡುವಂತೆ ಒಂದರ ಮೇಲೊಂದಿರಿಸಿದ ಎರಡು ದಪ್ಪ ಹಲಗೆಗಳು. ಬಡಗಿಯು ಹಲಗೆಗಳನ್ನು ಮೊದಲು ಬಿಗಿಯಾಗಿ ಜೋಡಿಸಿ, ಅವು ಕೂಡುವ ಗೆರೆಯ ಮೇಲೆಯೇ ಮೂರು ವೃತ್ತಗಳನ್ನು ಬರೆದುಕೊಳ್ಳಬೇಕು. ನಡುವಣದು ಕೊರಳಿಗೆ, ಇಕ್ಕೆಲದವು ಮಣಿಕಟ್ಟುಗಳಿಗೆ. ಬಳಿಕ ಹಲಗೆಗಳನ್ನು ಬೇರ್ಪಡಿಸಿ ಒಂದೊಂದರಲ್ಲಿಯೂ ಅರ್ಧವೃತ್ತಗಳನ್ನು ಕತ್ತರಿಸಿ, ಒಂದು ತುದಿಗೆ ಕಬ್ಬಿಣದ ಬಿಜಾಗರಿಯನ್ನೂ ಮತ್ತೊಂದು ತುದಿಗೆ ಬೀಗವನ್ನೂ ಅಳವಡಿಸಿದರೆ ಕೆಲಸ ಮುಗಿಯಿತು.

ಆದರೆ ಎರಡು ಅಳತೆಗಳು ಬಡಗಿಯನ್ನು ತಡೆದು ನಿಲ್ಲಿಸುತ್ತವೆ. ರಂಧ್ರದ ಅಗಲವೆಷ್ಟು? ಹಲಗೆಯ ಎತ್ತರವೆಷ್ಟು? ರಂಧ್ರ ಕಿರಿದಾದರೆ ಉಸಿರು ಕಟ್ಟುತ್ತದೆ. ಹಲಗೆ ಎತ್ತರವಾದರೆ ಕುಳ್ಳನಾದವನು ನಿಲ್ಲಲಾರದೆ ತೂಗಬೇಕಾಗುತ್ತದೆ. ಈ ಅಪಾಯವನ್ನು ಶಾಸನಕರ್ತರೂ ಅರಿತಿದ್ದರು. ತೂಕದಲ್ಲಿ ಮೋಸಮಾಡುವ ರೊಟ್ಟಿಗಾರರನ್ನು ಕೊರಳಹಲಗೆಗೆ ಗುರಿಪಡಿಸಿದ 1266ರ ಸುಮಾರಿನ ಆಂಗ್ಲ ಶಾಸನವು, ಅಪರಾಧಿಯ ದೇಹಕ್ಕೆ ಕೇಡಾಗದಂತೆ ಈ ಸಾಧನವನ್ನು ತಕ್ಕಷ್ಟು ದೃಢವಾಗಿ ನಿರ್ಮಿಸಬೇಕೆಂದು ವಿಧಿಸಿತ್ತು. ಅವಮಾನವೇ ಶಿಕ್ಷೆ, ಪ್ರಾಣಹಾನಿಯಲ್ಲ ಎಂಬುದು ಅದರ ಆಶಯ.

ಐದು ಶತಮಾನಗಳ ಬಳಿಕ, 1780ರಲ್ಲಿ, ಲಂಡನ್ನಿನ ಸದರ್ಕ್ ಪ್ರದೇಶದಲ್ಲಿ ಈ ಆಶಯ ಭಂಗವಾಯಿತು. ಕುಳ್ಳನಾದ ಒಬ್ಬ ಅಪರಾಧಿಯ ಕೊರಳು ರಂಧ್ರದ ಎತ್ತರಕ್ಕೆ ನಿಲುಕದಿದ್ದರೂ ಅಧಿಕಾರಿಗಳು ಬಲಾತ್ಕಾರದಿಂದ ತೂರಿಸಿದರು. ಆತ ಅಲ್ಲಿಯೇ ಸತ್ತನು. ಎಡ್ಮಂಡ್ ಬರ್ಕ್ ಈ ವಿಷಯವನ್ನು ಸಂಸತ್ತಿನಲ್ಲಿ ಎತ್ತಿ, ಈ ಶಿಕ್ಷೆಯನ್ನೇ ಖಂಡಿಸಿದನು. ಎಲ್ಲ ಮನುಷ್ಯರನ್ನೂ ಒಂದೇ ಅಳತೆಯ ರಂಧ್ರದಲ್ಲಿ ತೂರಿಸಹೊರಟ ನ್ಯಾಯದ ಕ್ರೌರ್ಯ ಇಲ್ಲಿ ಬಯಲಾಗುತ್ತದೆ.

ಇಷ್ಟನ್ನು ಮರವೇ ಹೇಳಬಲ್ಲದು. ಮರ ಹೇಳಲಾರದ ಇನ್ನೊಂದು ಭಾಗವಿದೆ. ಅದು ಎದುರಿಗೆ ನೆರೆದ ಜನಸಮೂಹ. ಹಲಗೆ ಕೊರಳನ್ನು ಹಿಡಿದು ನಿಲ್ಲಿಸುತ್ತಿತ್ತು, ಅಷ್ಟೆ. ಶಿಕ್ಷೆಯ ತೀವ್ರತೆಯನ್ನು ನಿರ್ಧರಿಸುತ್ತಿದ್ದವರು ಬೀದಿಯ ಜನ. 1703ರಲ್ಲಿ ಡೇನಿಯಲ್ ಡೀಫೋ ಒಂದು ವಿಡಂಬನ ಕೃತಿಗಾಗಿ ಮೂರು ದಿನ ಈ ಹಲಗೆಯಲ್ಲಿ ನಿಂತಾಗ ಜನರು ಹೂವೆರಚಿದರೆಂಬ ಪ್ರತೀತಿಯಿದೆ. 1732ರಲ್ಲಿ, ಬಹುಮಾನದ ಹಣದಾಸೆಗೆ ಸುಳ್ಳುಸಾಕ್ಷ್ಯ ನುಡಿದ ಜಾನ್ ವಾಲರನನ್ನು ಜನರು ಹಲಗೆಯ ಬಳಿಯಲ್ಲಿಯೇ ಕೊಂದರು. ಸಾಧನವೊಂದೇ, ಒಬ್ಬನಿಗೆ ಮನ್ನಣೆ, ಮತ್ತೊಬ್ಬನಿಗೆ ಮರಣ. ನ್ಯಾಯಾಧೀಶನು ವಿಧಿಸಿದುದು ಒಂದು, ಬೀದಿಯು ನೀಡಿದುದು ಮತ್ತೊಂದು. 1816ರ ಶಾಸನವು ಈ ಶಿಕ್ಷೆಯನ್ನು ಬಹುಮಟ್ಟಿಗೆ ಸುಳ್ಳುಸಾಕ್ಷ್ಯದ ಅಪರಾಧಕ್ಕೆ ಸೀಮಿತಗೊಳಿಸಿತು. 1837ರಲ್ಲಿ ಅದು ಸಂಪೂರ್ಣವಾಗಿ ರದ್ದಾಯಿತು.

ಆದುದರಿಂದ ಪ್ರತಿಕೃತಿಯನ್ನು ನಿರ್ಮಿಸುವವರು ಮರದ ಜಾತಿ, ಬೀಗದ ಮಾದರಿಗಳಲ್ಲಿ ತೋರುವ ನಿಷ್ಠೆಯನ್ನು ಈ ಸಂಗತಿಗಳನ್ನು ತಿಳಿಸುವುದರಲ್ಲಿಯೂ ತೋರಬೇಕು. ಹಲಗೆಯ ಪಕ್ಕದಲ್ಲಿ ಈ ಮೂವರ ವೃತ್ತಾಂತವನ್ನು ಬರೆದಿರಿಸಿದರೆ ಸಾಕು. ಆಗ ಕೊರಳೊಡ್ಡಿ ನಗುವವನಿಗಿಂತ ಎದುರು ನಿಂತು ನೋಡುವವನೇ ಹೆಚ್ಚು ಯೋಚಿಸಬೇಕಾಗುತ್ತದೆ. ಏಕೆಂದರೆ ಅಂದು ಹೂವನ್ನೋ ಕಲ್ಲನ್ನೋ ಕೈಯಲ್ಲಿ ಹಿಡಿದ ಜನರು ನಿಂತಿದ್ದುದು ಅದೇ ಸ್ಥಾನದಲ್ಲಿ.