ಚಾರ್ಜ್: ಗಾಡಿಯಿಂದ ಇಳಿದ ಹೊರೆ

ಲ್ಯಾಟಿನ್‌ನಲ್ಲಿ ‘ಕರ್ರುಸ್’ ಎಂದರೆ ಗಾಡಿ. ಅದರಿಂದ ಗಾಡಿಗೆ ಹೇರುವುದು ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ಹೊರೆ ಎಂಬ ಮೂಲಾರ್ಥ ಹಿಡಿದರೆ ಉಳಿದ ಅರ್ಥಗಳು ತಾವಾಗಿ ಬಿಡಿಸಿಕೊಳ್ಳುತ್ತವೆ: ಹೆಗಲ ಮೇಲಿನ ಹೊರೆ ಹೊಣೆ, ಕಿಸೆಯ ಮೇಲಿನದು ಶುಲ್ಕ, ಹೆಸರಿನ ಮೇಲಿನದು ಆರೋಪ. ಫಿರಂಗಿಗೆ ತುಂಬುವ ಮದ್ದೂ ಚಾರ್ಜೇ. ವಿದ್ಯುತ್ತಿಗೆ ಈ ಪದ ಅಂಟಿದ್ದು 18ನೇ ಶತಮಾನದಲ್ಲಿ.

ಯಾವ ಅರ್ಥವೆಂದು ತಿಳಿಸುವುದು ಪಕ್ಕದ ಪದ. ‘ಫ್ರೀ ಆಫ್ ಚಾರ್ಜ್’ ಎಂದರೆ ಪುಕ್ಕಟೆ. ‘ಟೇಕ್ ಚಾರ್ಜ್’ ಹೊಣೆ ವಹಿಸಿಕೊಳ್ಳುವುದು. ‘ಡ್ರಾಪ್ ದ ಚಾರ್ಜಸ್’ ಆರೋಪ ಕೈಬಿಡುವುದು. ಕಲಿಯುವವರು ಎಡವುವುದು ಪುಟ್ಟದೊಂದು ‘ದ’ ಹತ್ತಿರ. ದಾದಿ ಮಗುವಿಗೆ ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವಳು ಆಕೆ. ಮಗು ದಾದಿಯ ‘ಇನ್ ದ ಚಾರ್ಜ್ ಆಫ್’ ಎಂದರೆ ಅದು ಆಕೆಯ ಸುಪರ್ದಿನಲ್ಲಿದೆ. ಮಕ್ಕಳಿಗೆ ಇದನ್ನು ವಾಕ್ಯದೊಳಗಿಟ್ಟೇ ಕಲಿಸಬೇಕು; ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ.

ಕನ್ನಡದಲ್ಲೂ ಇದು ಜೊತೆಗಾರ ಪದಗಳೊಂದಿಗೇ ನೆಲೆಸಿದೆ: ಬಸ್ ಚಾರ್ಜು, ಚಾರ್ಜ್‌ಶೀಟು, ಕಚೇರಿಯ ಇನ್‌ಚಾರ್ಜು. ಮೇಲೆ ನುಗ್ಗುವುದು ಎಂಬ ಇದರ ಇನ್ನೊಂದು ಅರ್ಥ ಉಳಿದಿರುವುದು ‘ಲಾಠಿ ಚಾರ್ಜ್’ನಲ್ಲಿ. ಅದು ಭಾರತದಲ್ಲೇ ಕೂಡಿದ ಜೋಡಿ, ಈಗ ಇಂಗ್ಲಿಷ್ ನಿಘಂಟುಗಳಲ್ಲೂ ಸೇರಿದೆ.