ಇಂಧನ ಬಳಕೆ ಮತ್ತು ಭೂತಾಪ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಒಲೆಯ ಕಾವು, ಎಂಜಿನ್ನಿನ ಬಿಸಿ ನೇರವಾಗಿ ಭೂಮಿಯ ತಾಪವನ್ನು ಏರಿಸುವುದು ತೀರ ಅಲ್ಪ. ಜಗತ್ತು ಬಳಸುವ ಅಷ್ಟೂ ಶಕ್ತಿ ಶಾಖವಾಗಿ ಭೂಮಿಯ ಮೇಲೆಲ್ಲ ಹರಡಿದರೂ ಚದರ ಮೀಟರಿಗೆ ಸುಮಾರು 0.04 ವ್ಯಾಟ್ ಆಗುತ್ತದೆ. 1750ರಿಂದೀಚೆಗೆ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ತಡೆಹಿಡಿಯುವ ಶಾಖವಾದರೋ 2 ವ್ಯಾಟ್‌ಗೂ ಹೆಚ್ಚು. ಆಗ ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿದ್ದ ಈ ಅನಿಲ ಈಗ 420ನ್ನು ದಾಟಿದೆ. 2011–2020ರ ದಶಕದ ಜಾಗತಿಕ ಸರಾಸರಿ ತಾಪಮಾನ 1850–1900ರ ಅವಧಿಗಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಆದ್ದರಿಂದ ಎಷ್ಟು ಶಕ್ತಿ ಬಳಸಿದೆವು ಎನ್ನುವುದಕ್ಕಿಂತ ಅದು ಯಾವುದರಿಂದ ಬಂತು ಎನ್ನುವುದೇ ಮುಖ್ಯ.

ಈ ಮಾತಿಗೆ ಕಾವೇರಿ ತೀರದಲ್ಲೇ ಹಳೆಯ ನಿದರ್ಶನವಿದೆ. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಯೋಜನೆಯಾದ ಶಿವನಸಮುದ್ರದ ಜಲವಿದ್ಯುದಾಗಾರ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿತು. ಅಲ್ಲಿ ಉಗಿಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಬೀಳುವ ನೀರು ವಹಿಸಿಕೊಂಡಿತು. ವಿದ್ಯುದಾಗಾರ ಮಳವಳ್ಳಿ ಕಡೆಯಲ್ಲಿದೆ, ಶಿವನಸಮುದ್ರದ ಭರಚುಕ್ಕಿ ಜಲಪಾತ ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ.

ಸೌದೆಯ ಲೆಕ್ಕ ಬೇರೆ. ರೇಷ್ಮೆ ನೂಲು ಬಿಚ್ಚಲು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಬೇಕು. ಕೊಳ್ಳೇಗಾಲದ ಚರಕದ ಮನೆಗಳಲ್ಲಿ ಇದಕ್ಕೆ ಸೌದೆಯೇ ಆಧಾರವಾಗಿತ್ತು. ಕಡಿದಷ್ಟು ಮರ ಮತ್ತೆ ಬೆಳೆದರೆ ಹೊಗೆಯಲ್ಲಿ ಹೋದ ಇಂಗಾಲ ಮರಕ್ಕೇ ಮರಳುತ್ತದೆ, ಬೆಳೆಯದಿದ್ದರೆ ಗಾಳಿಯಲ್ಲೇ ಉಳಿಯುತ್ತದೆ. ಮಸಿ ಮಾತ್ರ ಎರಡು ಸಂದರ್ಭದಲ್ಲೂ ಕೆಡುಕೇ: ಅದು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ, ಅಡುಗೆಮನೆಯ ಹೆಂಗಸರ ಶ್ವಾಸಕೋಶವನ್ನೂ ಸೇರುತ್ತದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ (ಹಾಡಿಗಳಲ್ಲಿ), ಹನೂರಿನ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಪುಳ್ಳೆ ಆಯ್ದು ಒಲೆ ಹೊತ್ತಿಸುವ ಮನೆಗಳು ಇನ್ನೂ ಇವೆ. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ, ಮೆಂದಾರೆಯಂಥ ಊರುಗಳಿಗೆ ಬಹುಕಾಲ ವಿದ್ಯುತ್ ತಂತಿಯೇ ತಲುಪಿರಲಿಲ್ಲ. ಭೂತಾಪದ ಹೊಣೆಯಲ್ಲಿ ಇಂಥವರ ಪಾಲು ಅತಿ ಕಡಿಮೆ. ಅವರಿಗೆ ಬೆಳಕನ್ನು ನಿರಾಕರಿಸುವ ಯಾವ ಹವಾಮಾನ ನೀತಿಯೂ ನ್ಯಾಯವಲ್ಲ.

ಇಂದು ಈ ಸೀಮೆಯನ್ನು ಕಲ್ಲಿದ್ದಲಿಗೆ ಜೋಡಿಸಿರುವುದು ಬೋರ್‌ವೆಲ್ ಪಂಪು. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. ಆ ವಿದ್ಯುತ್ತು ರಾಜ್ಯದ ಜಾಲದಿಂದ ಬರುತ್ತದೆ. ಅದರಲ್ಲಿ ಲಿಂಗನಮಕ್ಕಿ ಜಲಾಶಯದ ನೀರು, ಪಾವಗಡದ ಸೌರಸ್ಥಾವರದ ಬಿಸಿಲಿನ ಜೊತೆಗೆ ಕಲ್ಲಿದ್ದಲು ಸುಡುವ ರಾಯಚೂರು, ಬಳ್ಳಾರಿಯ ಉಷ್ಣಸ್ಥಾವರಗಳೂ ಸೇರಿವೆ. ಮಳೆ ಕೈಕೊಟ್ಟರೆ ಪಂಪು ಹೆಚ್ಚು ಹೊತ್ತು ಓಡುತ್ತದೆ, ಜಲಾಶಯ ಬತ್ತಿ ಜಲವಿದ್ಯುತ್ ಕುಸಿಯುತ್ತದೆ. 2023ರ ಬರದಲ್ಲಿ ರಾಜ್ಯ ಇದನ್ನೇ ಅನುಭವಿಸಿತು: ಜಲವಿದ್ಯುತ್ ತಗ್ಗಿತು, ಬೇಡಿಕೆ ಏರಿತು, ಕೊರತೆ ತುಂಬಲು ಹೊರಗಿನಿಂದ ವಿದ್ಯುತ್ ಕೊಳ್ಳಬೇಕಾಯಿತು.