ಮುಂಬೈಕರ್ ತಟ್ಟೆಯಲ್ಲಿ ಉಪ್ಪು ಜಾಸ್ತಿ: ಬಿಪಿ ದೂರವಿಡಲು ಇಲ್ಲಿಂದಲೇ ಶುರುಮಾಡಿ

ಮುಂಬೈ: ನಗರದ ಪ್ರತಿ ಮೂವರು ವಯಸ್ಕರಲ್ಲಿ ಒಬ್ಬರಿಗೆ ಅಧಿಕ ರಕ್ತದೊತ್ತಡ. ಬೃಹನ್ಮುಂಬೈ ಮಹಾನಗರ ಪಾಲಿಕೆ 2021ರಲ್ಲಿ ನಡೆಸಿದ 'ಸ್ಟೆಪ್ಸ್' ಸಮೀಕ್ಷೆಯಲ್ಲಿ 18ರಿಂದ 69 ವರ್ಷದವರ ಪೈಕಿ ಶೇ.34ರಷ್ಟು ಮಂದಿಗೆ ಬಿಪಿ, ಶೇ.18ರಷ್ಟು ಮಂದಿಗೆ ರಕ್ತದ ಸಕ್ಕರೆ ಹೆಚ್ಚಿರುವುದು ಕಂಡುಬಂದಿತ್ತು.

ಇದೇ ಸಮೀಕ್ಷೆ ಉಪ್ಪಿನ ಲೆಕ್ಕವನ್ನೂ ಹಾಕಿದೆ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದಷ್ಟು ಉಪ್ಪು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ. ಮುಂಬೈನ ಸರಾಸರಿ 8 ಗ್ರಾಂ ದಾಟಿದೆ.

ಸಾರಿಗೆ ಹಾಕುವ ಉಪ್ಪು ಕಣ್ಣಿಗೆ ಕಾಣುತ್ತದೆ. ಕಾಣದೆ ಹೊಟ್ಟೆ ಸೇರುವುದೇ ತೊಂದರೆ. ವಡಾ ಪಾವ್‌ ತೆಗೆದುಕೊಳ್ಳಿ: ವಡೆಗೆ, ಒಣ ಚಟ್ನಿಗೆ, ಹುರಿದ ಮೆಣಸಿನಕಾಯಿಗೆ ಉಪ್ಪು, ಸಪ್ಪೆ ಎನಿಸುವ ಪಾವ್‌ ಹಿಟ್ಟಿಗೂ ಉಪ್ಪು. ಮುಂಬೈ ಕನ್ನಡಿಗರ ಮನೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನೂ ಇದರಲ್ಲಿ ಹಿಂದೆ ಬಿದ್ದಿಲ್ಲ!

ಉಪ್ಪು ಹೆಚ್ಚಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ಎಷ್ಟೋ ಜನರಲ್ಲಿ ಲಕ್ಷಣವೇ ಇಲ್ಲದೆ ಹೃದಯ, ಕಿಡ್ನಿ, ಮೆದುಳಿಗೆ ಹಾನಿಯಾಗುತ್ತದೆ.

ಊಟಕ್ಕೆ ಉಪ್ಪಿನಕಾಯಿ ಅಥವಾ ಹಪ್ಪಳ, ಒಂದೇ ಸಾಕು. ರುಚಿಗೆ ನಿಂಬೆರಸ, ಪುನರ್ಪುಳಿಯ ಹುಳಿ ಇದ್ದೇ ಇದೆ. ಫರ್ಸಾಣ್ ಬದಲು ಹಣ್ಣು ತಿನ್ನಬಹುದು. ಸೈಂಧವ ಲವಣ ಎಷ್ಟು ಬೇಕಾದರೂ ತಿನ್ನಬಹುದು ಎಂಬುದು ತಪ್ಪು, ಅದರಲ್ಲಿರುವುದೂ ಸೋಡಿಯಂ.

30 ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಳ್ಳುವುದು ಒಳ್ಳೆಯದು. ಪಾಲಿಕೆಯ 'ಆಪ್ಲಾ ದವಾಖಾನಾ'ಗಳು ಸಂಜೆಯೂ ತೆರೆದಿರುವುದರಿಂದ ಕೆಲಸಕ್ಕೆ ಹೋಗುವವರಿಗೂ ಅನುಕೂಲ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಉಪ್ಪು ಕಡಿಮೆ ಮಾಡಿದೆವೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಡೋಸ್ ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.